ಕುದುರೆ ಬೀಳುವ ಹೊತ್ತಿಗೆ

ಹುರುಳಿ ಬೇಯುವ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ನಮ್ಮ ತಾತನ ಅಂಗೈಗೆ ಅದೇ ವಾಸನೆಯಿತ್ತು. ಮಂಡ್ಯ ಸ್ಟೇಷನ್ ಮುಂದೆ ಜಟಕಾ ಹೊಡೆಯುತ್ತಿದ್ದ ಮನುಷ್ಯ ಅವನು. ಅಲ್ಲೇ ಹತ್ತಿರದ ಗುತ್ತಲಿನಲ್ಲಿದ್ದ ನಮ್ಮ ನಾಡಹೆಂಚಿನ ಮನೆಯಲ್ಲಿ ಅರ್ಧ ನಮಗೆ, ಅರ್ಧ ಕುದುರೆ ಕೆಂಪಿಗೆ. ನಡುವೆ ಒಂದು ಮೋಟುಗೋಡೆ. ಉಣ್ಣಲು ಕುಳಿತರೆ ಕೆಂಪಿಯ ಬಿಸಿಯುಸಿರು ಬೆನ್ನಿಗೆ ತಾಕುತ್ತಿತ್ತು. ಬೆಳಗ್ಗೆ ಒಲೆಯಿಂದ ಮೊದಲು ಇಳಿಯುತ್ತಿದ್ದದ್ದು ಅದರ ಹುರುಳಿ, ಆಮೇಲೆ ನಮ್ಮ ಕಾಫಿ. "ಈ ಮನೇಲಿ ನಾನು ಕುದ್ರೆಯಾಗಿ ಉಟ್ಬೇಕಿತ್ತು ಕಣಮ್ಮ," ಎಂದು ಅಜ್ಜಿ ಗೊಣಗುತ್ತಲೇ ಬೆಂದ ಹುರುಳಿಗೆ ಒಂದು ಅಚ್ಚು ಬೆಲ್ಲ ಹಾಕುತ್ತಿದ್ದಳು.

ಭಾನುವಾರ ಬೆಳಗಿನ ಆಟಕ್ಕೆ ಟಾಕೀಸಿಗೆ ಹಳೆಯ ಇಂಗ್ಲಿಷ್ ಕೌಬಾಯ್ ಚಿತ್ರಗಳು ಬರುತ್ತಿದ್ದವು. ಒಂದಕ್ಷರ ಇಂಗ್ಲಿಷ್ ಬಾರದ ತಾತ ಒಂದನ್ನೂ ಬಿಟ್ಟವನಲ್ಲ. ಅವನು ಹೋಗುತ್ತಿದ್ದದ್ದು ಕುದುರೆ ನೋಡಲು, ಕಥೆಗಿಥೆ ಯಾರಿಗೆ ಬೇಕಿತ್ತು! ಮುಂಭಾಗದ ಅಗ್ಗದ ಗಾಂಧಿ ಕ್ಲಾಸಿನಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, "ಲೇ, ಲಗಾಮು ಸಡ್ಲ ಬುಡ್ಲಾ, ಬಾಯಿ ಅರ್ದೋಯ್ತದೆ!" ಎಂದು ತೆರೆಯ ಮೇಲಿನ ಸವಾರನನ್ನೇ ಗದರುತ್ತಿದ್ದ. ಗುಂಡೇಟಿಗೆ ಜನ ಸಾಲಾಗಿ ಉರುಳುತ್ತಿದ್ದರೂ ನಿಶ್ಚಿಂತೆಯಾಗಿ ಕಡಲೆಕಾಯಿ ಸುಲಿಯುತ್ತಿದ್ದ. ಕುದುರೆ ಮುಗ್ಗರಿಸುತ್ತದೆ ಅನ್ನುವಷ್ಟರಲ್ಲಿ ಮಾತ್ರ ಆ ದೊರಗು ಅಂಗೈ ನನ್ನ ಕಣ್ಣಿನ ಮೇಲೆ. ಕಿತ್ತಾಡಿದರೂ ತೆಗೆಯುತ್ತಿರಲಿಲ್ಲ. "ಮನ್ಸ ಬಿದ್ರೆ ಅದು ಆಕ್ಟು ಕಣವ್ವ, ಎದ್ದು ಕಾಪಿ ಕುಡಿಯಕ್ ಓಯ್ತನೆ. ಕುದ್ರೆಗೆ ಸುಳ್ಸುಳ್ಳೇ ಬೀಳಕ್ ಬರಕಿಲ್ಲ," ಅನ್ನುತ್ತಿದ್ದ. ಸೀನು ಬದಲಾದ ಮೇಲೆಯೇ ನನಗೆ ಬೆಳಕು.

ಒಂದು ಮಳೆಗಾಲ, ಸ್ಕೂಲಿನಿಂದ ನನ್ನನ್ನು ಕರೆತರುವಾಗ, ಸ್ಟೇಷನ್ ರಸ್ತೆಯ ಒದ್ದೆ ಟಾರಿನ ಮೇಲೆ ಕೆಂಪಿಯ ಲಾಳ ಜಾರಿತು. ಗಾಡಿ ಮುಂದಕ್ಕೆ ವಾಲಿತು. ತಾತ ನನ್ನನ್ನು ಎತ್ತಿ ಕೆಳಗಿಳಿಸಿದವನೇ ಕಣ್ಣಿನ ಮೇಲೆ ಅಂಗೈ ಇಟ್ಟ. ಇದೇನು ಟಾಕೀಸೇ? ರೋಷ ಬಂದು, ಅಳುತ್ತಾ ಆ ಕೈಯನ್ನು ಕಿತ್ತೆಸೆದೆ. ಕೆಂಪಿ ಮುಂಗಾಲು ಮುರಿದುಕೊಂಡು ಬಿದ್ದಿತ್ತು, ಏಳಲು ಹೆಣಗುತ್ತಿತ್ತು. ತಿರುಗಿ ನೋಡಿದರೆ ತಾತನೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತಿದ್ದಾನೆ! "ಎದ್ಲೇನವ್ವ? ನೀನೇ ನೋಡೇಳು. ಸಿನಿಮಾದಲ್ಲೂ ನೋಡ್ದವ್ನಲ್ಲ ನಾನು," ಅಂದ. ಕಿತ್ತೆಸೆದ ಆ ಕೈಯನ್ನು ನಾನೇ ಎಳೆದು ಮತ್ತೆ ಕಣ್ಣಿನ ಮೇಲಿಟ್ಟುಕೊಂಡೆ.

ಕೆಂಪಿ ಏಳಲೇ ಇಲ್ಲ. ಅಜ್ಜಿ ಕೈಯ ಅಭ್ಯಾಸಕ್ಕೆ ಇನ್ನೂ ಎರಡು ದಿನ ಹುರುಳಿ ಬೇಯಿಸಿ, ಮಡಕೆಯ ಮುಂದೆ ಕೂತು ಅತ್ತಳು. ತಾತ ಮತ್ತೆ ಕುದುರೆ ಕಟ್ಟಲಿಲ್ಲ, ಟಾಕೀಸಿನ ಕಡೆ ತಲೆ ಹಾಕಲಿಲ್ಲ. ಇಬ್ಬರೂ ಹೋಗಿ ಎಷ್ಟೋ ಕಾಲವಾಯಿತು. ಆ ಮನೆಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ.

ಹೋದ ಭಾನುವಾರ ಮದ್ದೂರಿನ ನನ್ನ ಮನೆಯಲ್ಲಿ ಬಸ್ಸಾರಿಗೆ ಹುರುಳಿ ಇಟ್ಟಿದ್ದೆ. ಟೀವಿಯಲ್ಲಿ ಯಾವುದೋ ಕೌಬಾಯ್ ಚಿತ್ರ ಓಡುತ್ತಿತ್ತು. ಮರದ ಸೇತುವೆ, ಹಣೆಯಲ್ಲಿ ಬಿಳಿ ಮಚ್ಚೆಯ ಕುದುರೆ ಕಂಡವು; ಅಯ್ಯೋ, ತಾತನ ಜೊತೆ ನೋಡಿದ ಚಿತ್ರವೇ ಇದು! ಕುದುರೆ ಬಿತ್ತು. ಮುಚ್ಚಿಕೊಳ್ಳಲು ಹೊರಟ ಕಣ್ಣನ್ನು ಹಟ ಮಾಡಿ ತೆರೆದಿಟ್ಟೆ. ಅದು ಧೂಳಿನೊಳಗಿಂದ ಎದ್ದಿತು, ಮೈ ಕೊಡವಿತು, ಓಡಿಹೋಯಿತು. ಅಷ್ಟೂ ಭಾನುವಾರ ಆ ಪುಣ್ಯಾತ್ಮ ಸಾಯದ ಕುದುರೆಗಳಿಗಾಗಿ ಸಂಕಟಪಟ್ಟನಲ್ಲ! ಅಡುಗೆಮನೆಯಿಂದ ಹುರುಳಿಯ ಘಮ ಬರುತ್ತಿತ್ತು.

"ಎದ್ಲು ಕಣೋ ತಾತ," ಅಂದೆ ಗಟ್ಟಿಯಾಗಿಯೇ. "ಕಣ್ಣು ಬುಡು."