ಎರಡು ಸರಕಾರಗಳ ನಡುವಿನ ಗುಂಡಿ

ವಾಮನಣ್ಣ ಯಾವ ಕೋಣೆಗೂ ನೇರವಾಗಿ ನುಗ್ಗಿದವರಲ್ಲ. ಹೊಸ್ತಿಲಲ್ಲಿ ನಿಂತು, ಗದ್ದ ಸ್ವಲ್ಪ ಮೇಲೆತ್ತಿ ಮೂಸುತ್ತಿದ್ದರು. ಒಳಗೆ ಕಾಲಿಡಬೇಕೋ ಬೇಡವೋ ಎಂಬ ತೀರ್ಮಾನ ಆಮೇಲೆ. ಮೊದಲ ಸಲ ನೋಡಿದಾಗ ನನಗೆ ಹೇಸಿಗೆಯಾಗಿತ್ತು. ಮೈಸೂರಿನ ನಮ್ಮ ಮನೆಯಲ್ಲಿ ಇನ್ನೊಬ್ಬರ ಕೋಣೆ ಮೂಸುವುದು ಮುಖಕ್ಕೆ ಬೈದಷ್ಟೇ ಒರಟುತನ. ಹಾಗೆಂದು ಅವರಿಗೆ ಹೇಳಿದ್ದೆ ಎಂದು ನನ್ನ ನೆನಪು. ದಿನಚರಿ ತೆಗೆದು ನೋಡಿದರೆ ‘ಹೇಳಬೇಕು’ ಎಂದಷ್ಟೇ ಇದೆ.

ಅವರು ಮೂಲ್ಕಿ ಕಡೆಯ ತುಳುವರು. ಅರಬ್ ಮರುಭೂಮಿಯ ಅಂಚಿನ ಬಂದರು ದುಕ್ಮ್‌ನಲ್ಲಿ ನಮ್ಮ ಕಂಪನಿಯ ಕಾರ್ಮಿಕರ ಕ್ಯಾಂಪಿಗೆ ಮೇಲ್ವಿಚಾರಕರು. ನಾನು ಆ ದೇಶದ ರಾಜಧಾನಿಯ ಖುರುಮ್‌ನ ಕಚೇರಿಯಲ್ಲಿ ಒಪ್ಪಂದಗಳ ವಿಭಾಗದವಳು. ಆ ಕ್ಯಾಂಪನ್ನು ಇನ್ನೊಂದು ಕಂಪನಿಗೆ ಹಸ್ತಾಂತರಿಸುವ ಮಾತುಕತೆ ಶುರುವಾದಾಗ ಟಿಪ್ಪಣಿ ಬರೆಯಲು ನನ್ನನ್ನು ಅಲ್ಲಿಗೆ ಕಳಿಸಿದರು.

ಮಾತುಕತೆ ಚಳಿಗಾಲದಲ್ಲಿ ಹುಟ್ಟಿ ಬೇಸಗೆಗೆ ಕಾಲಿಟ್ಟಿತು. ಅಷ್ಟರಲ್ಲಿ ಕ್ಯಾಂಪಿನ ಕಕ್ಕಸಿನ ಗುಂಡಿ ತುಂಬಿ ಹರಿಯತೊಡಗಿತ್ತು. ನಾಳೆ ಅವರದಾಗುವ ಗುಂಡಿಗೆ ಇವತ್ತು ನಾವೇಕೆ ಹೊಲಸು ಎಳೆಯುವ ಟ್ಯಾಂಕರ್ ತರಿಸಬೇಕು ಎಂದು ನಮ್ಮವರು. ಇನ್ನೂ ನಮ್ಮದಾಗದ ಗುಂಡಿಗೆ ನಾವೇಕೆ ಎಂದು ಅವರು. ಕೆಲಸದಿಂದ ಬಂದ ಗಂಡಸರು ಸಾಲಾಗಿ ಇಟ್ಟ ಇಟ್ಟಿಗೆಗಳ ಮೇಲೆ ಕಾಲಿಡುತ್ತ ಸ್ನಾನಕ್ಕೆ ಹೋಗುತ್ತಿದ್ದರು. ಗುಂಡಿಯ ಪಕ್ಕದ ಕೋಣೆಯಲ್ಲಿದ್ದ ಬಿಹಾರದ ವೆಲ್ಡರ್ ರಾಮಪ್ರಸಾದ್ ಆಗಲೇ ವಾಂತಿಭೇದಿಯಿಂದ ಮಲಗಿದ್ದ. ಇನ್ನೊಬ್ಬ ಮಲಗುವ ಮೊದಲು ಟ್ಯಾಂಕರ್ ಬರಬೇಕು ಎಂಬುದೊಂದೇ ವಾಮನಣ್ಣನ ಹಟ.

“ಇದು ಹೊಸ ರೋಗ ಅಲ್ಲ ಮೇಡಂ,” ಎಂದರು, ತಮ್ಮ ಕ್ಯಾಬಿನ್ನಿನಲ್ಲಿ ಹಾಲಿಲ್ಲದ ಸುಲೈಮಾನಿ ಚಹಾ ಕೊಡುತ್ತ. “ನಮ್ಮ ಮುತ್ತಜ್ಜಿ ಸತ್ತದ್ದೂ ಇದರಲ್ಲೇ.”

“ಕಾಲರಾದಲ್ಲಾ?”

“ಎಂತ ಕಾಲರಾ! ಮಾತುಕತೆಯಲ್ಲಿ.”

ಮುತ್ತಜ್ಜ ಗೋವೆಯ ಗಡಿಯ ಘಟ್ಟದ ಸ್ಟೇಷನ್ನಿನಲ್ಲಿ ಇಂಜಿನುಗಳಿಗೆ ನೀರು ತುಂಬುತ್ತಿದ್ದರಂತೆ. ಆಚೆ ಪೋರ್ಚುಗೀಸರ ರಾಜ್ಯ, ಈಚೆ ಇಂಗ್ಲಿಷರದು. ಗಡಿ ದಾಟುವ ಆ ರೈಲುದಾರಿ ಯಾರ ಕೈಗೆ ಹೋಗಬೇಕು, ಯಾವ ಶರತ್ತಿಗೆ ಎಂದು ಎರಡು ಸರಕಾರಗಳು ಮಾತಾಡುತ್ತಿದ್ದ ಕಾಲ. ಎರಡೂ ಕಡೆಯ ಸಾಹೇಬರು ಬಂದರು, ಹಳಿ ಅಳೆದರು, ಲಾಟೀನಿನ ಗಾಜುಗಳನ್ನೂ ಬಿಡದೆ ಎಣಿಸಿದರು.

“ಸ್ಟೇಷನ್ನಿನ ಗಂಟೆ ಉಂಟಲ್ಲ, ಅದಕ್ಕೆ ದಿನ ಪೂರಾ ಜಗಳ. ಇವ ಹೋಗಿ ಬಾರಿಸುದು, ನಮ್ಮದು ಅಂತ. ಅವ ಹೋಗಿ ಬಾರಿಸುದು, ನಮ್ಮದು ಅಂತ. ಪ್ಯಾಸೆಂಜರುಗಳು ಗಾಡಿ ಬಂತೂಂತ ಗಂಟು ಹೊತ್ಕೊಂಡು ಓಡುದು, ವಾಪಸು ಬಂದು ಕೂರುದು!” ವಾಮನಣ್ಣ ನಕ್ಕರು. ನಗು ಅಲ್ಲಿಗೇ ನಿಂತಿತು. “ಕ್ವಾರ್ಟರ್ಸಿನ ಹಿಂದಿನ ಕಕ್ಕಸು ಗುಂಡಿ ಹತ್ರ ಬಂದಾಗ ಮಾತ್ರ ಇಬ್ಬರೂ ಮೂಗಿಗೆ ಕರ್ಚೀಫು ಹಿಡಿದು ಆಚೆ ನೋಡಿದ್ರಂತೆ. ಪಟ್ಟಿಗೆ ಸೇರಿಸಿದವನ ತಲೆಗೆ ಬರ್ತದಲ್ಲ ಅದು. ಮಳೆ ಬಂತು. ಗುಂಡಿ ಬಾವಿಗೆ ಇಳಿಯಿತು. ಮುತ್ತಜ್ಜಿ ಹೋದ್ಳು. ಮಾತುಕತೆ ಮತ್ತೆಯೂ ನಡೀತಾ ಇತ್ತು.”

ಆಮೇಲೆ ನಾನು ಆ ರೈಲುದಾರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಬಂದರು, ಸುಂಕ, ಲಾಭ, ನಷ್ಟ ಎಲ್ಲ ಸಿಕ್ಕಿತು. ಗಂಟೆ ಸಿಗಲಿಲ್ಲ, ಗುಂಡಿಯೂ ಸಿಗಲಿಲ್ಲ. ಮೂರು ತಲೆಮಾರುಗಳ ಬಾಯಲ್ಲಿ ಕಥೆ ಬೆಳೆದಿರಬಹುದು. ಗುಂಡಿ ಎಲ್ಲೂ ಇಲ್ಲದಿರುವುದೇ ಕಥೆ ನಿಜವೆನ್ನುವುದಕ್ಕೆ ಸಾಕ್ಷಿ ಎಂದು ನನಗೊಮ್ಮೆ ಅನಿಸಿತು. ಹಾಗೆ ಅನಿಸಿದ್ದಕ್ಕೆ ನನ್ನ ವಿಶ್ವವಿದ್ಯಾಲಯದ ಓದಿನ ಮೇಲೆಯೇ ಅನುಮಾನವೂ ಬಂತು.

ಜಂಟಿ ಪರಿಶೀಲನೆಯ ದಿನ ಎರಡೂ ಕಂಪನಿಗಳ ಮ್ಯಾನೇಜರುಗಳು ಮಂಚ ಎಣಿಸಿದರು, ಏಸಿ ಎಣಿಸಿದರು, ಬಾಗಿಲುಗಳ ಚಿಲಕ ಎಳೆದು ನೋಡಿದರು. ಗುಂಡಿಯ ಬಳಿ ಬಂದಾಗ ಇಬ್ಬರೂ ಮೂಗಿಗೆ ಕರವಸ್ತ್ರ ಹಿಡಿದು ಸಮುದ್ರದ ಕಡೆ ತಿರುಗಿದರು. ಇದನ್ನು ನಾನು ಕಣ್ಣಾರೆ ಕಂಡೆನೇ, ಅಥವಾ ವಾಮನಣ್ಣನ ಕಥೆ ಕಾಣಿಸಿತೇ? ಕಂಡೆ ಎಂದೇ ನಂಬಿದ್ದೇನೆ.

ಊಟವನ್ನು ವಾಮನಣ್ಣ ಗುಂಡಿಯ ಕಡೆಗಿನ ಕಿಟಕಿಯ ಪಕ್ಕ ಬಡಿಸಿದ್ದರು. ಬಿರಿಯಾನಿಯನ್ನು ಯಾರೂ ಮುಟ್ಟಲಿಲ್ಲ.

“ಏನ್ರೀ ಇದು ವಾಮನ್, ಕಿಟಕಿ ಮುಚ್ರೀ,” ಎಂದರು ನಮ್ಮ ಮ್ಯಾನೇಜರ್. ಅವರು ಬೆಂಗಳೂರಿನವರು.

“ಮುಚ್ಚಿದ್ರೂ ಬರ್ತದೆ ಸರ್. ಉಣ್ಣಿ, ಅಭ್ಯಾಸ ಆಗ್ತದೆ. ಇವರಿಗೆಲ್ಲ ಆಗಿದೆ.”

ಇಬ್ಬರೂ ಎದ್ದು ಮುಂದಿನ ಚರ್ಚೆಯನ್ನು ಹೋಟೆಲಿಗೆ ಸಾಗಿಸಿದರು. ಟ್ಯಾಂಕರಿನ ಮಾತು ಯಾರೂ ಎತ್ತಲಿಲ್ಲ. ಆ ಇಬ್ಬರು ಮೂಗಿಗೆ ಹಿಡಿದಿದ್ದ ಕಾಗದದ ಕರವಸ್ತ್ರಗಳು ಅನ್ನದ ಮೇಲೇ ಬಿದ್ದಿದ್ದವು. ಗುಂಡಿಗಿಂತ ಹೆಚ್ಚಾಗಿ ನನಗೆ ಹೇಸಿಗೆಯಾದದ್ದು ಅದನ್ನು ನೋಡಿ.

ನಾವು ಕಾರು ಹತ್ತುವಾಗ ವಾಮನಣ್ಣ ಮ್ಯಾನೇಜರರ ಕಿವಿಯ ಹತ್ತಿರ ಬಾಗಿದರು. “ಸರ್, ಒಂದು ವಿಷಯ. ಅವರ ಕಂಪನಿ ಇಂಜಿನಿಯರು ಮೊನ್ನೆ ಬಂದು ಆ ಗುಂಡಿ ಟ್ಯಾಂಕ್ ಪುನಃ ಪುನಃ ನೋಡಿ ಹೋದ್ರು. ತುಂಬ ಇಂಟರೆಸ್ಟ್ ಉಂಟು.”

“ಅದ್ರಲ್ಲಿ ಏನಿದೆ ಇಂಟರೆಸ್ಟು?”

“ಎಂತದೋ. ನೀರು ಶುದ್ಧ ಮಾಡಿ ಮಾರುದೋ ಏನೋ. ಮರುಭೂಮಿ ಅಲ್ವಾ ಸರ್.”

ಮ್ಯಾನೇಜರರ ಮುಖ ಬಿಗಿಯಿತು. “ನೋಡಿದ್ರಾ? ಸುಮ್ನೆ ಮೂಗು ಮುಚ್ಕೊಂಡು ಹೊಡ್ಕೊಂಡು ಹೋಗೋ ಪ್ಲಾನು! ಬರ್ಕೊಳ್ರಮ್ಮ. ಟ್ಯಾಂಕ್ ನಮ್ದು. ಬಿಟ್ಕೊಡೋ ಮಾತೇ ಇಲ್ಲ.”

ಮರುದಿನ ಸಭೆಯಲ್ಲಿ ನಾನು ಆ ಟಿಪ್ಪಣಿ ಓದಿದಾಗ ಎದುರಿನವರು ತುಟಿ ಎರಡು ಮಾಡದೆ ಒಪ್ಪಿದರು. ಆ ಟಿಪ್ಪಣಿಗೆ ಹಾಕಿದ ಸಹಿಯ ಮಸಿ ಒಣಗುವ ಮೊದಲೇ ವಾಮನಣ್ಣ ಬಂದು ನಿಂತರು: “ನಮ್ಮದೇ ಆಯ್ತಲ್ಲ ಸರ್, ಟ್ಯಾಂಕರಿಗೆ ಹೇಳ್ತೇನೆ. ಯಲ್ಲಾ, ಬೇಗ ಬೇಗ!” ಟ್ಯಾಂಕರ್ ಬಂದಾಗ ರಾಮಪ್ರಸಾದ್ ಗೋಡೆ ಹಿಡಿದು ಹೊರಬಂದು, ಪೈಪು ಒಳಗಿಳಿಯುವುದನ್ನು ಮದುವೆ ದಿಬ್ಬಣ ನೋಡುವಂತೆ ನೋಡುತ್ತ ನಿಂತ. ಅವನ ನಂತರ ಯಾರೂ ಮಲಗಲಿಲ್ಲ.

ಇಂಜಿನಿಯರು ಗುಂಡಿಯ ಕಡೆ ತಲೆಹಾಕಿಯೂ ಇರಲಿಲ್ಲ ಎಂಬುದು ಮ್ಯಾನೇಜರರಿಗೆ ಬೇಗನೆ ತಿಳಿಯಿತು. ಕೆಲಸದವರನ್ನು ಹಂಚಿಕೊಳ್ಳುವಾಗ ಅವರು ಹೇಳಿದ್ದು, ವಾಮನ್ ಕ್ಯಾಂಪಿನ ಮನುಷ್ಯ, ಕ್ಯಾಂಪಿನ ಜೊತೆ ಹೋಗಲಿ ಎಂದು. ನಮಗೆ ನಮ್ಮದೇ ಮೇಲ್ವಿಚಾರಕನಿದ್ದಾನೆ ಎಂದು ಆ ಕಂಪನಿಯವರು. ಎರಡು ಪಟ್ಟಿಗಳಲ್ಲೂ ವಾಮನಣ್ಣನ ಹೆಸರಿಲ್ಲ. ನಾನು ಕೇಳಿದಾಗ ಮ್ಯಾನೇಜರ್ ಮೂಗಿನ ಮುಂದೆ ಕೈ ಬೀಸಿ, “ಆ ನಾತ ಬೇಡಮ್ಮ ನಮಗೆ,” ಎಂದರು.

ಹಸ್ತಾಂತರದ ಸಹಿ ಖುರುಮ್‌ನ ಕಚೇರಿಯಲ್ಲಿ ನಡೆದ ದಿನವೇ ಕೆಲಸ ಕಳೆದುಕೊಂಡ ವಾಮನಣ್ಣ ಕಂಪನಿ ಇಟ್ಟುಕೊಂಡಿದ್ದ ಪಾಸ್‌ಪೋರ್ಟಿಗಾಗಿ ಅಲ್ಲಿಗೆ ಬಂದರು. ಸಭಾಕೋಣೆಯಲ್ಲಿ ಅರಬರ ಧೂಪ ಬಖೂರಿನ ಘಮಘಮ ಹೊಗೆ ತುಂಬಿತ್ತು. ದೊಡ್ಡ ಕೇಕು ಕತ್ತರಿಸಿದ್ದರು. ಅವರು ಬಾಗಿಲಲ್ಲಿ ನಿಂತು, ಗದ್ದ ಮೇಲೆತ್ತಿ ಮೂಸಿದರು.

“ಬನ್ನಿ ವಾಮನಣ್ಣ, ಕೇಕ್ ತಿಂದು ಹೋಗಿ,” ಎಂದೆ.

“ಬೇಡ ಮಾರಾಯ್ರೆ. ಕ್ಯಾಂಪಿಗಾದ್ರೂ ಟ್ಯಾಂಕರ್ ಬಂತು. ಇಲ್ಲಿಗೆ ಯಾರು ಕರೀತಾರೆ?”

ಕೈ ಮುಗಿದು ಹೊರಟುಹೋದರು. ಆಮೇಲೆ ಅವರನ್ನು ನಾನು ನೋಡಿಲ್ಲ. ಕೇಕಿನ ತುಂಡನ್ನು ಬಾಯಿಯ ಹತ್ತಿರ ತಂದವಳು ತಡೆದು ಮೂಸಿದೆ. ತಿನ್ನಲಾಗಲಿಲ್ಲ. ಹೊಗೆಯಾದರೂ ಹೋಗಲೆಂದು ಕಿಟಕಿಗೆ ಕೈ ಹಾಕಿದೆ. ಆ ಕಟ್ಟಡದ ಕಿಟಕಿಗಳು ತೆರೆಯುವುದಿಲ್ಲ.