ಚಾಸಿಯೊಳಗಿನ ತೆಂಗಿನ ನಾರು

ರುದ್ರಣ್ಣನ ಕೈ ತಪ್ಪಿರಲಿಲ್ಲ. ಅವರಿಗೆ ನಿದ್ದೆ ಹತ್ತಿರಲಿಲ್ಲ, ಕಣ್ಣು ಮಂಜಾಗಿರಲಿಲ್ಲ. ಆ ಹಳೇ ಅಂಬಾಸಿಡರ್ ರಸ್ತೆ ಬಿಟ್ಟು ಹುಣಸೇಮರಕ್ಕೆ ಹೋಗಿ ಗುದ್ದಿದ್ದು ನನ್ನಿಂದ. ಅದರ ಚಾಸಿಯೊಳಗೆ, ಗಾಡಿಯ ಭಾರವೆಲ್ಲ ಹೊರುವ ಅಡಿಯ ಚೌಕಟ್ಟಿನೊಳಗೆ, ಕಬ್ಬಿಣ ಇರಬೇಕಾದ ಜಾಗದಲ್ಲಿ ತೆಂಗಿನ ನಾರು ತುರುಕಿದವನು ನಾನು. ತುರುಕಿದ್ದು ಗೊತ್ತಿದ್ದೂ ಆ ಕಾರನ್ನು ಅವರಿಗೆ ಕೊಡಿಸಿದವನು ನಾನು. ಆಮೇಲೆ — ಎಲ್ಲಕ್ಕಿಂತ ಹೀನವಾದದ್ದು ಇದೇ — ತಪ್ಪು ಅವರದೇ ಎಂದು ಅವರನ್ನು ನಂಬಿಸಿದವನೂ ನಾನೇ. ಇದಾಗಿ ಒಂಬತ್ತು ವರ್ಷವಾಯಿತು.

ನಾನು ಕಡೂರಿನಲ್ಲಿ ಟಿಂಕರ್. ಗುದ್ದಿಸಿಕೊಂಡು ಬಂದ ಗಾಡಿಗಳ ಮೂತಿ ತಟ್ಟಿ ನೆಟ್ಟಗೆ ಮಾಡುವುದು, ತುಕ್ಕು ತಿಂದ ನೆಲಕ್ಕೆ ತಗಡು ಬೆಸೆಯುವುದು, ಪುಟ್ಟಿ ತುಂಬಿ ಬಣ್ಣ ಹೊಡೆಯುವುದು ನನ್ನ ಕಸುಬು. ನನ್ನ ಶೆಡ್ಡು ಊರಿನವರ ಕಣ್ಣಿಗೆ ಬಿದ್ದದ್ದೇ ರುದ್ರಣ್ಣನಿಂದ. ಅವರು ತೆಂಗಿನ ಮಂಡಿಯ ಸಾಹುಕಾರರೊಬ್ಬರ ಮನೆಯಲ್ಲಿ ಡ್ರೈವರಾಗಿದ್ದರು. ನಾನು ಇನ್ನೂ ಕೈ ಪಳಗದ ಹೊಸಬ. "ಈ ಶೇಖರನ ಕೆಲ್ಸ ಚೊಕ್ಕ ಐತೆ" ಎಂದು ಸಾಹುಕಾರರಿಗೆ ಹೇಳಿ ಆ ಮನೆಯ ಗಾಡಿಗಳನ್ನೆಲ್ಲ ನನ್ನ ಬಳಿಗೇ ತಂದರು. ಅವರು ಬಂದರೆಂದು ಬೇರೆಯವರೂ ಬಂದರು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಉಂಡ ಮನೆಗೆ ಎರಡು ಬಗೆದವನು ಎಂದು ನನ್ನನ್ನು ನೀವು ಬೈಯುವುದಾದರೆ ಲೆಕ್ಕ ಇಲ್ಲಿಂದಲೇ ಶುರುವಾಗಲಿ.

ಸಾಹುಕಾರರ ಬಳಿ ಇದ್ದದ್ದು ಬಿಳಿಯ ಅಂಬಾಸಿಡರ್. ಆ ಕಾರನ್ನು ರುದ್ರಣ್ಣ ಮೂವತ್ತು ವರ್ಷ ಓಡಿಸಿದರು, ಒಂದು ಗೀರು ಬೀಳಿಸಿದವರಲ್ಲ. ಕಾರಿನ ಬಾಗಿಲು ಹಾಕುವ ಸದ್ದು ಕೇಳಿ, ಹಾಕಿದ್ದು ಸಾಹುಕಾರರೋ ಅವರ ಮಗನೋ ಎಂದು ಹೇಳುತ್ತಿದ್ದರು. ಆದರೆ ಅವರ ಹೆಂಡತಿ ಶಾರದಕ್ಕ ಒಂದು ದಿನವೂ ಅದರಲ್ಲಿ ಕೂತಿರಲಿಲ್ಲ. ಸಾಹುಕಾರರ ಮನೆಯವರು ಮದುವೆಗೆ ಕಾರಿನಲ್ಲಿ ಹೋದರೆ, ಅದೇ ಮದುವೆಗೆ ಶಾರದಕ್ಕ ಬಸ್ಸಿನಲ್ಲಿ ಹೋಗುತ್ತಿದ್ದರು. ಛತ್ರದ ಮುಂದೆ ಗಂಡ ಕಾರಿನ ಗಾಜು ಒರೆಸುತ್ತ ನಿಂತಿದ್ದರೆ ಇವರು ಪಕ್ಕದಲ್ಲೇ ನಡೆದು ಒಳಗೆ ಹೋಗುವರು. ಯಾರೂ ಅದನ್ನು ತಪ್ಪು ಎಂದುಕೊಂಡವರಲ್ಲ. ಡ್ರೈವರನ ಹೆಂಡತಿ ಮತ್ತೆ ಹೇಗೆ ಹೋಗಬೇಕಿತ್ತು?

ಸಾಹುಕಾರರು ಹೊಸ ಕಾರು ತಂದಾಗ ಅಂಬಾಸಿಡರನ್ನು ಮಾರಿದರು. ಅದು ಕೈಯಿಂದ ಕೈಗೆ ದಾಟಿ ಅಜ್ಜಂಪುರದ ಒಬ್ಬ ಈರುಳ್ಳಿ ವ್ಯಾಪಾರಿಯ ಮನೆ ಸೇರಿತ್ತು. ಅಷ್ಟರಲ್ಲಿ ಬಣ್ಣವೂ ಬದಲಾಗಿತ್ತು. ಒಂದು ದಿನ ಆ ವ್ಯಾಪಾರಿ ಕಾರನ್ನು ನನ್ನ ಶೆಡ್ಡಿಗೆ ತಂದ. ಸಾಹುಕಾರರ ಗಾಡಿ ಎಂದು ನನಗೆ ಗುರುತು ಹತ್ತಲಿಲ್ಲ. ಎತ್ತಿ ಅಡಿಯಲ್ಲಿ ಹೊಕ್ಕು ನೋಡಿದೆ. ಎಡಗಡೆ ಮುಂದಿನ ಚಕ್ರದ ಭಾರ ಹೊರುವ, ಉದ್ದನೆಯ ಡಬ್ಬಿಯಂಥ ಕಬ್ಬಿಣ ಒಳಗಿಂದಲೇ ತುಕ್ಕು ತಿಂದು ಹಪ್ಪಳವಾಗಿತ್ತು. ಬೆರಳಲ್ಲಿ ಒತ್ತಿದರೆ ಬೆರಳೇ ಒಳಗೆ ಹೋಗುತ್ತಿತ್ತು. ಪೂರಾ ಕತ್ತರಿಸಿ ಹೊಸ ಕಬ್ಬಿಣ ಕೂರಿಸಬೇಕು ಎಂದೆ. ಅವನು, "ಅಷ್ಟೆಲ್ಲ ಬ್ಯಾಡ ಕಣ್ರೀ, ಮಾರೋ ಗಾಡಿ. ನೋಡೋಕೆ ಗಟ್ಟಿ ಕಂಡ್ರೆ ಸಾಕು" ಅಂದ.

ಮಾರುವ ಗಾಡಿ — ಅಂದರೆ ಯಾರೋ ಕೊಳ್ಳುತ್ತಾರೆ. ಆ ಯಾರೋ ಎನ್ನುವವನಿಗೆ ಮುಖವಿರಲಿಲ್ಲ. ಮುಖವಿಲ್ಲದವನಿಗೆ ಮೋಸ ಮಾಡುವುದು ಬಹಳ ಸುಲಭ.

ನಮ್ಮ ಕಡೆ ತೆಂಗಿನ ನಾರಿಗೆ ಬರವೇ? ಶೆಡ್ಡಿನ ಹಿಂದೆ ರಾಶಿ ಬಿದ್ದಿರುತ್ತದೆ. ನಾರನ್ನು ಕಾದ ಡಾಂಬರಿನಲ್ಲಿ ಅದ್ದಿ ಆ ಟೊಳ್ಳಿನೊಳಗೆ ಗಿಡಿದು ತುಂಬಿ, ಮೇಲೆ ತಗಡು ಬೆಸೆದು, ಕಪ್ಪು ಬಣ್ಣ ಬಳಿದೆ. ಹಳೇ ಗಾಡಿ ಕೊಳ್ಳುವವರು ಅಡಿಯಲ್ಲಿ ಸ್ಪ್ಯಾನರಿನಿಂದ ತಟ್ಟಿ ನೋಡುತ್ತಾರೆ, ಟೊಳ್ಳಾಗಿದ್ದರೆ ಸದ್ದೇ ಹೇಳಿಬಿಡುತ್ತದೆ. ನಾರು ತುಂಬಿದರೆ ಆ ಟೊಳ್ಳು ಸದ್ದು ಬರುವುದಿಲ್ಲ. ಇದು ನಾನೇ ಕಂಡುಹಿಡಿದ ಉಪಾಯ. ಅವತ್ತು ನನಗೆ ಹೆಮ್ಮೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ನಾರು ನೀರು ಹಿಡಿದಿಟ್ಟುಕೊಳ್ಳುತ್ತದೆ, ಉಳಿದಿರುವ ಚೂರುಪಾರು ಕಬ್ಬಿಣವನ್ನೂ ಕೊಳೆಸುತ್ತದೆ ಎಂದು ಯೋಚಿಸುವಷ್ಟು ಬುದ್ಧಿ ನನಗಿತ್ತು. ಯೋಚಿಸಲಿಲ್ಲ.

ಎರಡು ತಿಂಗಳು ಕಳೆದಿರಬೇಕು. ರುದ್ರಣ್ಣ ಶೆಡ್ಡಿಗೆ ಬಂದರು. ಆಗಲೇ ಕೆಲಸ ಬಿಟ್ಟು ತಮ್ಮ ಊರು ಪಂಚನಹಳ್ಳಿಯಲ್ಲಿ ಇದ್ದರು. ಮುಖದ ತುಂಬ ನಗು. "ಲೇ ಶೇಖರ, ನನ್ನ ಗಾಡಿ ಸಿಕ್ತು ಕಣೋ" ಎಂದರು. ನಂಬರು ಹೇಳಿದರು. ನಾನು ನಾರು ತುಂಬಿದ ಅದೇ ಗಾಡಿ. ನಾನು ಕೈಲಿದ್ದ ಸುತ್ತಿಗೆ ಕೆಳಗಿಟ್ಟೆ. "ಶಾರದನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಅಂತರಘಟ್ಟಮ್ಮನ ಗುಡಿಗೆ ಹೋಗ್ಬೇಕು. ನೀನೊಂದ್ಸಲ ಬಂದು ನೋಡು. ನೀ ಹೂಂ ಅಂದ್ರೆ ತಗೊತೀನಿ."

ಹೋದೆ. ಆ ಬಸ್ಸಿನಲ್ಲಿ ಕಡೂರಿನಿಂದ ಅಜ್ಜಂಪುರದವರೆಗೆ ಎಷ್ಟು ಹೊತ್ತು ಸಿಕ್ಕಿತ್ತು ನನಗೆ! ಬೀರೂರು ದಾಟುವುದರೊಳಗೆ ಹೇಳಿಬಿಡೋಣ, ಅದಾದ ಮೇಲೆ ಹೇಳೋಣ — ಪಕ್ಕದಲ್ಲಿ ಅವರು ಮಾತಾಡುತ್ತಲೇ ಇದ್ದರು. ಹಿಂದಿನ ಗಾಜಿನ ಮೂಲೆಯಲ್ಲಿ ಸಾಹುಕಾರರ ಮಗಳು ಚಿಕ್ಕವಳಿದ್ದಾಗ ಅಂಟಿಸಿದ ಚಿಟ್ಟೆಯ ಚಿತ್ರ ಇನ್ನೂ ಇದೆಯಂತೆ. ಅದನ್ನು ಕೆರೆಯುವುದಿಲ್ಲವಂತೆ.

ವ್ಯಾಪಾರಿ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಗುರುತಿಲ್ಲದವರ ಹಾಗೆ ಇಬ್ಬರೂ ನಮಸ್ಕಾರ ಮಾಡಿದೆವು. ಮಾತು ಅಲ್ಲಿಗೇ ಮುಗಿದುಹೋಯಿತು ಎನ್ನಬೇಕು. ನಾನು ಬಾಯಿ ಬಿಟ್ಟರೆ ಅವನೂ ಬಿಡುತ್ತಾನೆ, ಮಾಡಿದ್ದು ನೀನೇ ತಾನೆ ಅನ್ನುತ್ತಾನೆ. ಆಮೇಲೆ ರುದ್ರಣ್ಣ ನನ್ನನ್ನು ನೋಡುವ ನೋಟ... ನಾನು ಗಾಡಿಯ ಅಡಿಗೆ ಹೊಕ್ಕೆ. ನನ್ನದೇ ಬೆಸುಗೆ, ನನ್ನದೇ ಕಪ್ಪು ಬಣ್ಣ. ಸ್ಪ್ಯಾನರಿನಿಂದ ತಟ್ಟಿದೆ. ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿಯೇ ತಟ್ಟಿದೆ. ಹೊರಗೆ ಬಂದು ಮಣ್ಣು ಕೊಡವಿಕೊಳ್ಳುತ್ತ ಹೇಳಿದೆ: "ಅಡಿ ಗಟ್ಟಿ ಐತೆ ರುದ್ರಣ್ಣ, ತಗೊಳ್ಳಿ."

ಎಷ್ಟಕ್ಕೆ ತಗೊಂಡರೋ ನಾನು ಕೇಳಲಿಲ್ಲ. ವ್ಯಾಪಾರಿಯ ಮನೆಯಲ್ಲಿ ಕೊಟ್ಟ ಕಾಫಿಯನ್ನು ಮಾತ್ರ ಪೂರ್ತಿ ಕುಡಿದೆ.

ಮೇಲೆ ಥಳಕು, ಒಳಗೆ ಹುಳುಕು. ಹುಳುಕು ಬಹಳ ದಿನ ಸುಮ್ಮನಿರುವುದಿಲ್ಲ. ತಿಂಗಳೊಪ್ಪತ್ತಿನಲ್ಲಿ ಎಡಗಡೆಯ ಬಾಗಿಲು ಕೂರದಾಯಿತು. ತಂದರು, ನಾನು ಕೀಲು ಸರಿಮಾಡಿ ಕಳಿಸಿದೆ. ಆಮೇಲೆ ಗಾಡಿ ಎಡಕ್ಕೆ ಎಳೆಯತೊಡಗಿತು. ಟೈರು ಬದಲಿಸಿ ಅಂದೆ, ಬದಲಿಸಿದರು. ಮಳೆ ನಿಂತು ಮೂರು ದಿನವಾದರೂ ಅಡಿಯಿಂದ ಹನಿ ಹನಿ ನೀರು ಬೀಳುತ್ತಿತ್ತು, ಒಳಗೆ ಮುಗ್ಗಲು ವಾಸನೆ. "ಎಲ್ಲಿ ನೀರು ನಿಂತೈತೋ ನೋಡೋ" ಎಂದರು. ಕಾಲಡಿಯ ಚಾಪೆ ತೆಗೆದು ಬಿಸಿಲಿಗೆ ಹಾಕಿ ಎಂದೆ. ಅವರು ನಾನು ಹೇಳಿದ್ದನ್ನೆಲ್ಲ ಮಾಡಿದರು. ಒಮ್ಮೆ, ತರೀಕೆರೆಯಲ್ಲಿ ಹಳೇ ಗಾಡಿಗಳನ್ನು ಚೆನ್ನಾಗಿ ಬಲ್ಲ ಮೆಕ್ಯಾನಿಕ್ ಒಬ್ಬನಿದ್ದಾನಂತೆ, ತೋರಿಸಲೇ ಎಂದು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ — ನನಗೆ ಸಿಟ್ಟೇ ಬಂತು. "ನನ್ಮೇಲೆ ನಂಬ್ಕೆ ಇಲ್ವಾ?" ಎಂದು ಕೇಳಿದೆ. ಪಾಪ, ಅವರೇ ನಾಚಿಕೊಂಡು ಆ ಮಾತು ಬಿಟ್ಟರು. ಆ ಮೆಕ್ಯಾನಿಕ್ ಒಂದು ಸಲ ಅಡಿಯಲ್ಲಿ ಹೊಕ್ಕಿದ್ದರೆ ಸಾಕಾಗಿತ್ತು.

ಬಾಯಿ ಬಿಡದೆಯೇ ಸರಿಮಾಡಿಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ಒಂದು ವಾರ ಗಾಡಿ ಬಿಟ್ಟು ಹೋಗಿ ಎಂದಿದ್ದರೆ ಬಿಟ್ಟು ಹೋಗುತ್ತಿದ್ದರು. ಇವತ್ತು, ನಾಳೆ, ಹಬ್ಬ ಕಳೆಯಲಿ... ಹೀಗೇ ದಿನ ತಳ್ಳಿದೆ.

ಒಂದು ಶುಕ್ರವಾರ ಅವರು ಅಂತರಘಟ್ಟೆಗೆ ಹೋದರು. ಶಾರದಕ್ಕ ಮುಂದಿನ ಸೀಟಿನಲ್ಲಿ. ಪೂಜೆ ಮಾಡಿಸಿಕೊಂಡು ಅಜ್ಜಂಪುರದ ಕಡೆಗೆ ವಾಪಸು ಬರುವಾಗ, ನೆಟ್ಟಗಿದ್ದ ರಸ್ತೆಯಲ್ಲಿ, ಮಟಮಟ ಮಧ್ಯಾಹ್ನ, ಕಾರು ಎಡಕ್ಕೆ ಕುಸಿದು ಹುಣಸೇಮರಕ್ಕೆ ಗುದ್ದಿತು. ಶಾರದಕ್ಕನ ಎಡಭುಜ ಮುರಿಯಿತು. ದಾರಿಯಲ್ಲಿ ಹೋಗುತ್ತಿದ್ದವರು ಅವರನ್ನು ತರೀಕೆರೆ ಆಸ್ಪತ್ರೆಗೆ ಸೇರಿಸಿದರು. ಆಸ್ಪತ್ರೆಯಿಂದಲೇ ರುದ್ರಣ್ಣ ನನಗೆ ಫೋನ್ ಮಾಡಿದರು. ಅವರು ಅಂಥ ಹೊತ್ತಿನಲ್ಲಿ ನೆನೆಸಿಕೊಂಡದ್ದು ನನ್ನನ್ನು.

ಮೊದಲು ಗಾಡಿಯ ಹತ್ತಿರ ಹೋದೆ. ಎಡಗಡೆಯ ಚಕ್ರ ಒಳಗೆ ಮಡಚಿಕೊಂಡಿತ್ತು. ಹರಿದ ತಗಡಿನ ಬಾಯಿಂದ ಕಪ್ಪಗೆ ಒದ್ದೆಯಾದ ನಾರು ಜೋಲಾಡುತ್ತಿತ್ತು. ಯಾರೂ ನೋಡುವ ಮುಂಚೆ ಕಿತ್ತು, ಮುದ್ದೆ ಮಾಡಿ, ಬೇಲಿಯಾಚೆ ಎಸೆದೆ.

ಆಸ್ಪತ್ರೆಯ ಬೆಂಚಿನ ಮೇಲೆ ರುದ್ರಣ್ಣ ತಮ್ಮ ಎರಡೂ ಅಂಗೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೋಡುತ್ತ ಕೂತಿದ್ದರು. "ಶೇಖರ, ಸ್ಟೇರಿಂಗು ನನ್ನ ಮಾತು ಕೇಳ್ಲಿಲ್ಲ ಕಣೋ. ನಂಗೇ ಒಂದು ಗಳಿಗೆ ಕಣ್ಣು ಹತ್ಬಿಡ್ತಾ? ನಿಜ ಹೇಳು, ಗಾಡೀದೇನಾದ್ರೂ ಇತ್ತಾ?"

ನಿಜ ಹೇಳು ಎಂದು ಬಾಯಿಬಿಟ್ಟು ಕೇಳಿದರು. ಇದಕ್ಕಿಂತ ಇನ್ನೇನು ಬೇಕಿತ್ತು ನನಗೆ — ನನ್ನ ಬೆರಳಿಗೆ ಇನ್ನೂ ಡಾಂಬರು ಅಂಟಿತ್ತು. ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಹೇಳಿದೆ:

"ಗಾಡೀದೇನಿಲ್ಲ. ವಯಸ್ಸಾಯ್ತಲ್ಲ ರುದ್ರಣ್ಣ."

ಅವರು ತಲೆಯಾಡಿಸಿದರು. ಅಷ್ಟೇ. ಮೂವತ್ತು ವರ್ಷ ಗೀರು ಬೀಳಿಸದ ಮನುಷ್ಯ ನನ್ನ ಒಂದು ಮಾತಿಗೆ ತಲೆಯಾಡಿಸಿ ಒಪ್ಪಿಕೊಂಡರು. ಗಾಡಿಯನ್ನು ಆ ವಾರವೇ ನಾನೇ ಮುಂದೆ ನಿಂತು ಗುಜರಿಗೆ ಹಾಕಿಸಿದೆ. ಕಣ್ಣೆದುರಿಗಿದ್ದರೆ ನಿಮಗೆ ಸಂಕಟ ಎಂದು ಅವರಿಗೆ ಹೇಳಿದೆ.

ಅಂದಿನಿಂದ ರುದ್ರಣ್ಣ ಸ್ಟೇರಿಂಗ್ ಮುಟ್ಟಿಲ್ಲ. ಬಸ್ಸಿನಲ್ಲಿ ಮುಂದೆ ಜಾಗವಿದ್ದರೂ ಹಿಂದೆ ಹೋಗಿ ಕೂರುತ್ತಾರೆ, ರಸ್ತೆ ಕಾಣಬಾರದು ಎಂದು. ಶಾರದಕ್ಕನ ಎಡಗೈ ಹೆಗಲಿನಿಂದ ಮೇಲೆ ಏಳುವುದಿಲ್ಲ. ಬೆಳಿಗ್ಗೆ ಅವರ ತಲೆ ಬಾಚಿ ತುರುಬು ಕಟ್ಟುವುದು ರುದ್ರಣ್ಣನೇ. ಊರಿನ ಕೆಲವರು, ಮುದುಕನಿಗೆ ಕಾರಿನ ಚಟ ಯಾಕೆ ಬೇಕಿತ್ತು ಎಂದು ಆಡಿಕೊಂಡು ನಕ್ಕಿದ್ದೂ ಅವರ ಕಿವಿಗೆ ಬಿದ್ದಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರೆ. ಅವರ ಮಾನ ಅವರ ಕೈಯಿಂದ ಹೋದದ್ದಲ್ಲ, ನಾನು ತೆಗೆದದ್ದು.

ಈ ವರ್ಷ ಒಂದು ಸುದ್ದಿ ಬಂತು. ಪಂಚನಹಳ್ಳಿಯಲ್ಲಿ ರುದ್ರಣ್ಣನ ಪಕ್ಕದ ಮನೆಯ ಸೊಸೆಗೆ ಹೆರಿಗೆ ನೋವು ಬಂದಾಗ ಆ ಮನೆಯ ಅಂಗಳದಲ್ಲಿ ಕಾರಿತ್ತು, ಓಡಿಸುವವರು ಇರಲಿಲ್ಲ. ಕೀಲಿಕೈ ತಂದು ರುದ್ರಣ್ಣನ ಕೈಗಿಟ್ಟರಂತೆ. ಅವರು ಹಿಡಿದುಕೊಂಡು ನಿಂತರಂತೆ, ಕೈ ನಡುಗಿ ಕೀಲಿ ಕೆಳಗೆ ಬಿತ್ತಂತೆ. "ನನ್ನ ಕೈ ನಂಬಬ್ಯಾಡ್ರಪ್ಪ" ಎಂದರಂತೆ. ಆಟೋ ಸಿಕ್ಕಿ ಆ ಹುಡುಗಿ ಸುಖವಾಗಿ ಹೆತ್ತಳು. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಕಳೆದ ಸೋಮವಾರ ಪಂಚನಹಳ್ಳಿಗೆ ಹೋದೆ.

ಜಗಲಿಯ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ನಾರು, ಡಾಂಬರು, ವ್ಯಾಪಾರಿ, ಬೇಲಿಯಾಚೆ ಎಸೆದದ್ದು, ಒಂದನ್ನೂ ಬಿಡದೆ. ರುದ್ರಣ್ಣ ಕೊನೆಯವರೆಗೂ ಕೇಳಿದರು. ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಅವರು ನನ್ನ ಕೈ ಹಿಡಿದುಕೊಂಡು ನಕ್ಕರು.

"ಆ ಕೀಲಿ ವಿಷ್ಯ ನಿನ್ನ ಕಿವಿಗೂ ಬಿತ್ತೇನೋ. ಮುದುಕನಿಗೆ ಸಮಾಧಾನ ಮಾಡೋಕೆ ಇಷ್ಟುದ್ದ ಕತೆ ಕಟ್ಕೊಂಡು ಬಂದ್ಯಾ? ನಿನ್ನ ಕೆಲ್ಸ ನಾ ಕಾಣ್ದೋನಾ? ಮೊದ್ಲನೇ ಗಾಡಿ ನಿನ್ನ ಶೆಡ್ಡಿಗೆ ತಂದೋನು ನಾನು. ನೀ ಹಂಗೆ ಮಾಡೋನಲ್ಲ ಬಿಡು."

ಆಣೆ ಇಟ್ಟೆ. ಅಂತರಘಟ್ಟಮ್ಮನ ಮೇಲೆ ಇಟ್ಟೆ. "ನನಗೋಸ್ಕರ ದೇವ್ರ ಮೇಲೆ ಸುಳ್ಳಾಣೆ ಇಡ್ಬ್ಯಾಡ ಕಣೋ" ಎಂದು ಗದರಿಸಿದರು. ತೋರಿಸಲು ನನ್ನ ಹತ್ತಿರ ಏನಿದೆ? ಗಾಡಿಯನ್ನು ಗುಜರಿಗೆ ಹಾಕಿದವನು ನಾನು, ನಾರನ್ನು ಎಸೆದವನು ನಾನು. ಆ ವ್ಯಾಪಾರಿ ತೀರಿಕೊಂಡು ನಾಲ್ಕು ವರ್ಷವಾಯಿತು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ಶಾರದಕ್ಕನ ಕಡೆ ತಿರುಗಿ ರುದ್ರಣ್ಣ ಹೇಳಿದರು: "ನೋಡೇ, ನನ್ನ ತಪ್ಪನ್ನ ತನ್ನ ಮೇಲೆ ಹಾಕ್ಕೊಳ್ಳೋಕೆ ಬಂದವ್ನೆ. ಸ್ವಂತ ತಮ್ಮ ಆಗಿದ್ರೂ ಇಷ್ಟು ಮಾಡ್ತಿದ್ನಾ?"

ಶಾರದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು, ಬಲಗೈಯಲ್ಲಿ. ನಾನು ಹೊರಡುವಾಗ ತಮ್ಮ ಹಿತ್ತಿಲ ಮರದ ಎರಡು ತೆಂಗಿನಕಾಯಿಗಳನ್ನು ಚೀಲಕ್ಕೆ ಹಾಕಿ ಕೊಟ್ಟರು. ಸುಲಿದುಕೊಡಲು ತಮಗೆ ಆಗುವುದಿಲ್ಲ, ನೀನೇ ಸುಲಿದುಕೋ ಎಂದರು.

ಅವು ಶೆಡ್ಡಿನ ಮೂಲೆಯಲ್ಲಿ ಹಾಗೇ ಇವೆ, ನಾರಿನ ಸಮೇತ. ನನ್ನ ಬಾಯಿಮಾತನ್ನು ಅವರು ನಂಬಲಿಲ್ಲ, ಅದಕ್ಕೇ ಬರೆದಿದ್ದೇನೆ. ಈ ಸೋಮವಾರ ಇದನ್ನು ತೆಗೆದುಕೊಂಡು ಹೋಗಿ ಇಬ್ಬರ ಮುಂದೆಯೂ ಓದುತ್ತೇನೆ. ಅವರು ಮತ್ತೆ ನಗಬಹುದು. ಕಾಫಿ ಕೊಡಬಹುದು. ಮುಂದಿನ ಸೋಮವಾರವೂ ಹೋಗುತ್ತೇನೆ. ನನ್ನನ್ನು ಅಷ್ಟು ಒಳ್ಳೆಯವನೆಂದು ಅವರು ನಂಬಿರುವವರೆಗೆ ಅವರ ಕೈ ನಡುಗುವುದು ನಿಲ್ಲುವುದಿಲ್ಲ.