ನೇವಿ ಚನ್ನರಾಯಪ್ಪನವರ ಮನೆಯ ಬಾಗಿಲುಗಳು

ಆರ್.ಟಿ. ನಗರದ ನೇವಿ ಚನ್ನರಾಯಪ್ಪನವರಿಗೆ ನಿವೃತ್ತಿಯಾದ ಮೇಲೆ ಮನೆಯೇ ಹಡಗು. ಬೆಳಗಾದರೆ ಪ್ಯಾಂಟು ಮಡಚಿಕೊಂಡು ತಾರಸಿಯನ್ನು ಡೆಕ್ಕಿನಂತೆ ಉಜ್ಜುತ್ತಾರೆ. ಒಣಹಾಕಿದ ಸೀರೆ ಹಾರದಂತೆ ಅವರು ಹಾಕುವ ಗಂಟನ್ನು ಬಿಚ್ಚಲು ಅವರೇ ಬರಬೇಕು. ಇದನ್ನೆಲ್ಲ ಸಹಿಸುವ ಹೆಂಡತಿ ಮುನಿರತ್ನಮ್ಮನವರಿಗೆ ಸಂಕಟ ಒಂದೇ: ಹೊರಬಾಗಿಲು ಬಿಟ್ಟರೆ ಮನೆಯ ಯಾವ ಬಾಗಿಲಿಗೂ ಚಿಲಕವಿಲ್ಲ. ಬಚ್ಚಲಿಗೆ ಹೋದವರು ಹಾಡುತ್ತಲೇ ಇರಬೇಕು. “ನಂಟರು ನಮ್ಮನೇಲಿ ಸ್ನಾನಾನೇ ಮಾಡಲ್ಲ ಕಣ್ರೀ, ಎಲ್ರಿಗೂ ಹಾಡೋಕ್ ಬರತ್ತಾ?” ಎಂದು ಆಕೆ ಛೇಡಿಸಿದರೆ ನಗುತ್ತಾರೆ, ಚಿಲಕ ಮಾತ್ರ ತರುವುದಿಲ್ಲ. ಎಪ್ಪತ್ತೊಂದರ ಯುದ್ಧದಲ್ಲಿ, ದಾಳಿಗೆ ಸಿಕ್ಕ ಹಡಗಿನಲ್ಲಿ, ತೆರೆಯಲಾಗದ ಬಾಗಿಲಿನ ಆಚೆಯಿಂದ ಜೊತೆಗಾರನೊಬ್ಬ ಬಡಿಯುತ್ತಿದ್ದುದನ್ನು ಈಚೆ ನಿಂತು ಕೇಳಿದವರು ಅವರೆಂದು ಆಕೆಗೆ ಗೊತ್ತಿರುವುದರಿಂದ ಹೆಚ್ಚು ಒತ್ತಾಯಿಸುವುದೂ ಇಲ್ಲ. ಆದರೆ ಹೊಸದಾಗಿ ಮದುವೆಯಾಗಿ ಬಂದ ಸೊಸೆ ಸುಚಿತ್ರಾ, “ನಂಗೆ ಹಾಡು ಬರಲ್ಲ ಅತ್ತೆ, ಸ್ನಾನಕ್ಕೆ ಅಮ್ಮನ ಮನೆಗೆ ಹೋಗಿಬರ್ಲಾ?” ಎಂದು ಅತ್ತದ್ದು ಚನ್ನರಾಯಪ್ಪನವರ ಕಿವಿಗೆ ಬಿತ್ತು. ಅಂದೇ ಅವರು ಚಿಲಕ ತಂದು, ಬಚ್ಚಲ ಬಾಗಿಲಿಗೆ ತಾವೇ ತಿರುಪು ಬಿಗಿದರು. “ಒಳಗ್ ಹೋಗಿ ಹಾಕ್ಕೊಳಮ್ಮ,” ಎಂದರು. ಚಿಲಕ ಬಿದ್ದ ಸದ್ದಾಯಿತು. ಅವರು ಹೊರಗೆ ಬಾಗಿಲಿಗೆ ಅಂಗೈ ಒತ್ತಿ ನಿಂತರು. “ಈಗ ತೆಗಿಯಮ್ಮ. ಒಂದೇ ಒಂದ್ಸಲ ತೆಗ್ದು ತೋರ್ಸು.”